ಎಂಡೋಸಲ್ಫಾನ್ ಸಿಂಪಡಣೆಯ ಊರುಗಳಲ್ಲಿ ಕಾಮೆಟ್ ಪರೀಕ್ಷೆ: ಬಳಕೆ ಮತ್ತು ಮಿತಿ

ಒಂದೊಂದೇ ಜೀವಕೋಶದ ಡಿಎನ್‌ಎ ಎಷ್ಟು ಮುರಿದಿದೆ ಎಂಬುದನ್ನು ಜೆಲ್ ಎಲೆಕ್ಟ್ರೊಫೊರೆಸಿಸ್ ಮೂಲಕ ಅಳೆಯುವ ವಿಧಾನ ಕಾಮೆಟ್ ಪರೀಕ್ಷೆ. ಸ್ವೀಡನ್ನಿನ ಓಸ್ಟ್‌ಲಿಂಗ್ ಮತ್ತು ಯೊಹಾನ್ಸನ್ 1984ರಲ್ಲಿ ಇದನ್ನು ವಿವರಿಸಿದರು. 1988ರಲ್ಲಿ ನರೇಂದ್ರ ಪಿ. ಸಿಂಗ್ ಮತ್ತು ಸಂಗಡಿಗರು ರೂಪಿಸಿದ ಕ್ಷಾರೀಯ ವಿಧಾನವೇ ಈಗ ಹೆಚ್ಚು ಬಳಕೆಯಲ್ಲಿದೆ.

ಬಿಳಿ ರಕ್ತಕಣಗಳನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲೂ ದ್ರವವಾಗಿಯೇ ಇರುವ ಅಗರೋಸ್‌ಗೆ ಬೆರೆಸಿ ಗಾಜಿನ ಸ್ಲೈಡಿನ ಮೇಲೆ ಹರಡಿ ಜೆಲ್ ಆಗಿ ಗಟ್ಟಿಯಾಗಲು ಬಿಡಲಾಗುತ್ತದೆ. ಉಪ್ಪು ಮತ್ತು ಡಿಟರ್ಜೆಂಟಿನ ದ್ರಾವಣ ಕೋಶದ ಪೊರೆಯನ್ನೂ ಪ್ರೋಟೀನುಗಳನ್ನೂ ಕಳಚುತ್ತದೆ. ಜೆಲ್‌ನಲ್ಲಿ ಡಿಎನ್‌ಎ ಉಳಿಯುತ್ತದೆ. ಪಿಎಚ್ 13 ಮೀರಿದ ಕ್ಷಾರದಲ್ಲಿ ಅದರ ಎರಡೆಳೆಗಳು ಬಿಚ್ಚಿಕೊಳ್ಳುತ್ತವೆ. ವಿದ್ಯುತ್ ಹರಿಸಿದಾಗ ಋಣಾವೇಶದ ಡಿಎನ್‌ಎ ಧನಧ್ರುವದತ್ತ ಸರಿಯುತ್ತದೆ. ಮುರಿತ ಹೆಚ್ಚಿದ್ದಷ್ಟೂ ಮೂಲ ಜಾಗದಿಂದ (ತಲೆ) ಹೊರಬಿದ್ದು ಚಾಚಿಕೊಂಡ ಬಾಲಕ್ಕೆ ಸೇರುವ ಪಾಲು ಹೆಚ್ಚು. ಬಣ್ಣ ಹಾಕಿ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಧೂಮಕೇತುವಿನ (ಕಾಮೆಟ್) ಆಕಾರ ಕಾಣುತ್ತದೆ. ಬಾಲದಲ್ಲಿರುವ ಡಿಎನ್‌ಎಯ ಶೇಕಡಾ ಪ್ರಮಾಣವೇ ನಂಬತಕ್ಕ ಅಳತೆ. ಹಾನಿ ತುಸು ಹೆಚ್ಚಿದೊಡನೆ ಬಾಲದ ಉದ್ದದ ಬೆಳವಣಿಗೆ ನಿಂತುಬಿಡುತ್ತದೆ.

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಈ ಪರೀಕ್ಷೆಯ ಪ್ರಸ್ತಾಪಕ್ಕೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಕಾರಣ. ದಕ್ಷಿಣ ಕನ್ನಡದ ಗೇರು ತೋಟಗಳಲ್ಲಿ ಟೀ ಸೊಳ್ಳೆ ಎಂಬ ಕೀಟದ ಹತೋಟಿಗೆಂದು ಅದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಗಿತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ನೀಡಿತು. ಎಂಡೋಸಲ್ಫಾನ್ ಮಾನವ ಕೋಶಗಳ ಡಿಎನ್‌ಎಯನ್ನು ಮುರಿಯುವುದು ಪ್ರಯೋಗಾಲಯದಲ್ಲಿ ಇದೇ ಪರೀಕ್ಷೆಯಿಂದ ಕಂಡುಬಂದಿದೆ: 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯಕೃತ್ತಿನ ಕೋಶಗಳ ಮೇಲೆ, 2006ರ ಲಖನೌ ಅಧ್ಯಯನದಲ್ಲಿ ಲಿಂಫೋಸೈಟು ಎಂಬ ಬಿಳಿ ರಕ್ತಕಣಗಳ ಮೇಲೆ.

ಹಾಗೆಂದು ದಶಕಗಳ ಹಿಂದಿನ ಸಿಂಪಡಣೆಗೆ ಇಂದಿನ ರಕ್ತದಲ್ಲಿ ಸಾಕ್ಷ್ಯ ಹುಡುಕುವುದು ಈ ಪರೀಕ್ಷೆಯಿಂದಾಗದು. ಡಿಎನ್‌ಎ ಎಳೆಯ ಮುರಿತಗಳಲ್ಲಿ ಹೆಚ್ಚಿನವನ್ನು ಜೀವಕೋಶ ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ದುರಸ್ತಿ ಮಾಡಿಕೊಳ್ಳುತ್ತದೆ. ಆದ್ದರಿಂದ ಬಾಲ ಚಿಕ್ಕದೆಂಬ ಕಾರಣಕ್ಕೆ ಸಿಂಪಡಣೆಯಿಂದ ಆರೋಗ್ಯ ಕೆಟ್ಟಿತೆಂಬ ಸಂತ್ರಸ್ತರ ದೂರನ್ನು ತಳ್ಳಿಹಾಕಲು ಯಾವ ಆಧಾರವೂ ಇಲ್ಲ. ಬಾಲ ದೊಡ್ಡದಾದರೆ ಬೀಡಿಯನ್ನೂ ಅಡಿಕೆಯನ್ನೂ ಮೊದಲು ವಿಚಾರಿಸಬೇಕಾಗುತ್ತದೆ. ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕ ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ನಿರ್ಣಯ. ಅಡಿಕೆಯಿಂದಲೇ ಬದುಕುವ ಸೀಮೆಗೆ ಇದು ಹಿತವಾದ ಮಾತಲ್ಲ. ಹಳೆಯ ಹಾನಿಯ ಗುರುತಿಗೆ ಕ್ರೋಮೋಸೋಮುಗಳ ಸ್ಥಾನಾಂತರದ ಪರೀಕ್ಷೆಗಳೇ ಹೆಚ್ಚು ಸೂಕ್ತ.

ಕಾಮೆಟ್ ಪರೀಕ್ಷೆಗೆ ತಕ್ಕ ವಿಷಯ ಈಗ ತೋಟಗಳಿಗೆ ಮದ್ದು ಬಿಡುವ ಕಾರ್ಮಿಕರದು. ಸಿಂಪಡಣೆಯ ಮೊದಲು ಮತ್ತು ನಂತರ ಅದೇ ವ್ಯಕ್ತಿಯ ರಕ್ತವನ್ನು ಹೋಲಿಸಿದರೆ ವಯಸ್ಸು, ಬೀಡಿ, ಅಡಿಕೆಗಳ ಗೊಂದಲ ಬಹುಪಾಲು ಕಳೆಯುತ್ತದೆ. ಪರೀಕ್ಷೆಗೆಂದು ಸುಳ್ಯದಿಂದ ಮಂಗಳೂರಿಗೆ ಒಯ್ಯುವ ರಕ್ತದ ಮಾದರಿಯನ್ನು ತಂಪಾಗಿಟ್ಟು ಬೆಳಕು ತಾಗದಂತೆ ಕಾಪಾಡಬೇಕು. ಇಲ್ಲವಾದರೆ ದಾರಿಯಲ್ಲಾದ ಹಾನಿಯೂ ಲೆಕ್ಕಕ್ಕೆ ಸೇರುತ್ತದೆ.