ವಿಶ್ವವಿದ್ಯಾನಿಲಯದ ಮೆಟ್ಟಿಲು ಮತ್ತು ಗಾಲಿಕುರ್ಚಿ

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಪ್ಲಸ್ ಟು ಮುಗಿಸಿದ ಮಕ್ಕಳಲ್ಲಿ ಹಲವರು ಮಂಗಳೂರಿಗೋ ಕಣ್ಣೂರಿಗೋ ಓದಲು ಹೊರಡುತ್ತಾರೆ. ಅಂಕ, ಶುಲ್ಕ, ಹಾಸ್ಟೆಲ್ ಬಗ್ಗೆ ನಾವೆಲ್ಲ ವಿಚಾರಿಸುತ್ತೇವೆ. ನಡೆಯಲಾಗದ ಮಗುವಿನ ಮನೆಯವರಿಗೆ ಮಾತ್ರ ಇನ್ನೊಂದು ಪ್ರಶ್ನೆಯಿರುತ್ತದೆ: ತರಗತಿ ಎಷ್ಟನೇ ಮಹಡಿಯಲ್ಲಿದೆ? ಎಂಡೋಸಲ್ಫಾನಿನಿಂದ ನೊಂದ ಎಣ್ಮಕಜೆಯಂಥ ಊರುಗಳಿರುವ ನಮಗೆ ಇದು ಯಾರದೋ ಪ್ರಶ್ನೆಯಲ್ಲ.

ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ. 1962ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯಕ್ಕೆ ಎಡ್ ರಾಬರ್ಟ್ಸ್ ಎಂಬ ಯುವಕ ಸೇರಿದ. 14ನೇ ವಯಸ್ಸಿನಲ್ಲಿ ಪೋಲಿಯೋ ಬಂದು ಕತ್ತಿನಿಂದ ಕೆಳಗೆ ಸ್ವಾಧೀನವಿರಲಿಲ್ಲ. ಉಸಿರಾಟಕ್ಕೆ ನೆರವಾಗುವ ಭಾರೀ ಕಬ್ಬಿಣದ ಯಂತ್ರದೊಳಗೆ ರಾತ್ರಿ ಮಲಗಬೇಕಿತ್ತು. ಅದನ್ನು ಇಡಬಲ್ಲ ಹಾಸ್ಟೆಲ್ ಅಲ್ಲಿರಲಿಲ್ಲ. ಕೊನೆಗೆ ಆವರಣದ ಆಸ್ಪತ್ರೆಯಲ್ಲೇ ಕೋಣೆ ಕೊಟ್ಟರು. ಅವನ ಹಿಂದೆ ಇನ್ನಷ್ಟು ಮಂದಿ ಬಂದರು; ಸೌಕರ್ಯವನ್ನು ಹಕ್ಕೆಂದು ಕೇಳತೊಡಗಿದರು. ಅಲ್ಲಿ 1973ರಲ್ಲಿ ಕಾನೂನು ಬಂದರೂ ಅದರ ನಿಯಮಗಳಿಗೆ ಸಹಿ ಬಿದ್ದದ್ದು 1977ರಲ್ಲಿ. ಅದೂ ಸ್ಯಾನ್ ಫ್ರಾನ್ಸಿಸ್ಕೋದ ಸರಕಾರಿ ಕಟ್ಟಡದೊಳಗೆ ವಿಕಲಚೇತನರು ಮೂರು ವಾರ ದಾಟಿ ಧರಣಿ ಕೂತ ಮೇಲೆ.

ನಮ್ಮ ದೇಶದಲ್ಲಿ 1995ರ ಕಾಯ್ದೆ ಶೇ. 3 ಸೀಟು ಕೊಟ್ಟಿತು. ರ‍್ಯಾಂಪು, ಗಾಲಿಕುರ್ಚಿ ಹೋಗುವ ಶೌಚಾಲಯಗಳ ಮಾತನ್ನೂ ಆಡಿತು. ಆದರೆ 'ಆರ್ಥಿಕ ಶಕ್ತಿಯ ಮಿತಿಯಲ್ಲಿ' ಎಂಬ ಷರತ್ತನ್ನೂ ಸೇರಿಸಿತು. ಸೀಟು ಸಿಕ್ಕರೂ ಮೆಟ್ಟಿಲು ಹಾಗೆಯೇ ಉಳಿಯಲು ಇಷ್ಟು ಸಾಕಾಯಿತು. 2016ರ ಕಾಯ್ದೆ ಸೀಟನ್ನು ಶೇ. 5ಕ್ಕೆ ಏರಿಸಿತು. ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮ ಪ್ರಕಟವಾದ 5 ವರ್ಷಗಳೊಳಗೆ ಸರಿಪಡಿಸಬೇಕೆಂದಿತು. ನಿಯಮ ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಆ ಗಡುವು 2022ಕ್ಕೇ ಮುಗಿಯಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬರೀ ಮಾರ್ಗಸೂಚಿ ಸಾಲದು, ಕಡ್ಡಾಯ ಮಾನದಂಡ ಬೇಕು ಎಂದು ತೀರ್ಪಿತ್ತಿತು.

ರ‍್ಯಾಂಪಿನ ಲೆಕ್ಕ ನಮ್ಮ ಮಕ್ಕಳಿಗೂ ತಿಳಿಯುವಂಥದ್ದು: ಒಂದು ಅಡಿ ಏರಲು 12 ಅಡಿ ಉದ್ದ. ಒಂದೂವರೆ ಅಡಿಯ ಜಗಲಿಗೆ 18 ಅಡಿ. ಅದಕ್ಕಿಂತ ಕಡಿದಾಗಿದ್ದರೆ ಅದು ಹೆಸರಿಗಷ್ಟೇ ರ‍್ಯಾಂಪು.

ಗಡಿಯ ಆಚೆಗೂ ಈಚೆಗೂ ಇದೊಂದೇ ಕಾನೂನು. ಹಾಗಾಗಿ ಪ್ರವೇಶಕ್ಕೆ ಹೋದಾಗ ಸಂಕೋಚಪಡದೆ ಕೇಳೋಣ. ಲಿಫ್ಟ್ ಇಲ್ಲವೆಂದರೆ ತರಗತಿಯನ್ನು ಕೆಳಮಹಡಿಗೆ ತರುವಂತೆ ಬರವಣಿಗೆಯಲ್ಲೇ ಕೇಳೋಣ. ಅದಕ್ಕೆ ಸಿಮೆಂಟೂ ಬೇಡ, ಅನುದಾನವೂ ಬೇಡ. ಮಗುವನ್ನು ಎತ್ತಿಕೊಂಡು ಮೆಟ್ಟಿಲೇರುವ ಅಪ್ಪನನ್ನು ಹೊಗಳಿ ಸುಮ್ಮನಾಗುವುದು ಇನ್ನು ಸಾಕು.