ಎರಡು ನಿಘಂಟುಗಳ ನಡುವೆ ನಮ್ಮೂರು

ಜೂನ್‌ನಲ್ಲಿ ಶಾಲೆ ತೆರೆದರೆ ಮತ್ತೆ ನಮಗೆ ಬಿಡುವೆಂಬುದು ಇಲ್ಲ. ಪಾಠ, ಬಿಸಿಯೂಟದ ಲೆಕ್ಕ, ಕಲೋತ್ಸವ, ನಡುನಡುವೆ ತರಬೇತಿ ಶಿಬಿರ... "ಇಷ್ಟೆಲ್ಲಾ ಯಾಕಾಗಿ ಮಾರಾಯ್ರೆ?" ಎಂಬ ಮಾತು ಅಧ್ಯಾಪಕರ ಕೊಠಡಿಯಲ್ಲಿ ಆಗಾಗ ಕೇಳುತ್ತದೆ. ಕನ್ನಡ ತರಗತಿಗೆ ಮಕ್ಕಳು ಕಡಿಮೆಯಾದ ವರ್ಷವಂತೂ ಇನ್ನಷ್ಟು ಜೋರಾಗಿ. ಆಗ ನಮಗೆ ಇಬ್ಬರು ಜರ್ಮನ್ ಪಾದ್ರಿಗಳು ನೆನಪಾಗುತ್ತಾರೆ. ನಮ್ಮ ಕಾಸರಗೋಡಿನ ದಕ್ಷಿಣಕ್ಕೆ ತಲಶ್ಶೇರಿಯಲ್ಲಿದ್ದ ಗುಂಡರ್ಟ್ ಒಬ್ಬರು, ಉತ್ತರಕ್ಕೆ ಮಂಗಳೂರಿನಲ್ಲಿದ್ದ ಕಿಟ್ಟೆಲ್ ಇನ್ನೊಬ್ಬರು.

ಇಬ್ಬರೂ ಬಾಸೆಲ್ ಮಿಶನ್ನಿನವರು. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಈ ಸಂಸ್ಥೆ ಮಂಗಳೂರಿಗೆ ಬಂದದ್ದು 1834ರಲ್ಲಿ. ಹಂಚಿನ ಕಾರ್ಖಾನೆಯಾಗಲಿ, ಅಚ್ಚುಕೂಟವಾಗಲಿ, ಮಾಡುವ ಕೆಲಸವೂ ದೇವರ ಕರೆಗೆ ಕೊಡುವ ಉತ್ತರವೇ ಎಂಬುದು ಅವರ ನಂಬಿಕೆ. ದಿನವನ್ನು ಸುಮ್ಮನೆ ಕಳೆಯಬಾರದು, ಫಲಕ್ಕಾಗಿ ಅವಸರವನ್ನೂ ಪಡಬಾರದು. ಹೇಳುವುದಕ್ಕೇನೋ ಸುಲಭ!

ಹೆರ್ಮನ್ ಗುಂಡರ್ಟ್ ಬಗ್ಗೆ ಅಧ್ಯಾಪಕರಾದ ನಮಗೆ ಒಂದು ವಿಶೇಷ ಸಲಿಗೆ. 1857ರಲ್ಲಿ ಮದರಾಸು ಸರಕಾರ ಅವರನ್ನು ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲಾ ಇನ್‌ಸ್ಪೆಕ್ಟರ್ ಆಗಿ ನೇಮಿಸಿತು. ಆಗ ಕಾಸರಗೋಡು ಕೆನರಾಕ್ಕೆ ಸೇರಿತ್ತು. ಹಾಗಾಗಿ ಅವರು ನಮ್ಮ ಊರಿಗೂ ಇನ್‌ಸ್ಪೆಕ್ಟರ್! ಮಿಶನ್ ಕೆಲಸದ ಮೇಲೆ ಈ ಓಡಾಟವೂ ಸೇರಿ, ಆರೋಗ್ಯ ಕೆಟ್ಟು, 1859ರಲ್ಲಿ ಜರ್ಮನಿಗೆ ಮರಳಿದರು. ಅಲ್ಲಿಗೆ ಕೆಲಸ ಮುಗಿಯಿತೆಂದು ಯಾರಾದರೂ ಅಂದುಕೊಳ್ಳಬಹುದಿತ್ತು. ಅವರು ಅಂದುಕೊಳ್ಳಲಿಲ್ಲ. ಮಲಯಾಳ ನಿಘಂಟನ್ನು ಅಲ್ಲಿಯೇ ಕುಳಿತು ಮುಗಿಸಿದರು. ಅದು 1872ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ.

ಅದೇ ವರ್ಷ, ಅದೇ ಪ್ರೆಸ್ಸಿನಿಂದ ಕೇಶಿರಾಜನ ಶಬ್ದಮಣಿದರ್ಪಣ ಹೊರಬಂತು. ಸಂಪಾದಿಸಿದವರು ಫರ್ಡಿನೆಂಡ್ ಕಿಟ್ಟೆಲ್. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ ಇವರು 1853ರಲ್ಲಿ ಇಲ್ಲಿಗೆ ಬಂದಾಗ ಇಪ್ಪತ್ತೊಂದರ ಹುಡುಗ. ಬಂದದ್ದು ಮತಪ್ರಚಾರಕ್ಕೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಜನರಿಗೆ ಯೇಸುವಿನ ಕಥೆ ಹೇಳಬೇಕಾದರೆ ಮೊದಲು ಜನರ ಮಾತು ಬರಬೇಕಲ್ಲ? 1862ರಲ್ಲಿ ಅವರು ಯೇಸುವಿನ ಜೀವನವನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಬರೆದರು. ಮತ್ತೆ ಹಳಗನ್ನಡ, ವ್ಯಾಕರಣ, ತಾಳೆಗರಿ ಎಂದು ಆಳಕ್ಕೆ ಇಳಿಯುತ್ತಲೇ ಹೋದರು.

ಇದು ಮಿಶನ್ನಿನ ಎಲ್ಲರಿಗೂ ಹಿಡಿಸಲಿಲ್ಲ. ಪಾದ್ರಿಗೆ ಪದಗಳ ಹುಚ್ಚು ಯಾಕೆ ಎಂಬ ಭಾವನೆ ಅಲ್ಲಿತ್ತು, ತಮ್ಮವರ ನಡುವೆಯೇ ಅವರು ಸ್ವಲ್ಪ ಹೊರಗಿನವರಾಗಿ ಉಳಿದರು. ಮನೆಯಲ್ಲೂ ಸುಖವಿರಲಿಲ್ಲ. 1864ರಲ್ಲಿ ಹೆಂಡತಿ ಪೌಲಿನೆ ತೀರಿಕೊಂಡರು. ಮೂರು ವರ್ಷಗಳ ಬಳಿಕ ಅವರ ತಂಗಿ ಯೂಲಿಯನ್ನು ಮದುವೆಯಾದರು. ಹುಬ್ಬಳ್ಳಿ, ಧಾರವಾಡ, ಮಂಗಳೂರು, ಮಡಿಕೇರಿ ಎಂದು ಊರು ಬದಲಾಗುತ್ತಿತ್ತು. ಇವೆಲ್ಲದರ ಜೊತೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ನಿಘಂಟಿನ ಕೆಲಸ ನಡೆಯಿತು. ಕಂಪ್ಯೂಟರ್ ಬಿಡಿ, ಟೈಪ್‌ರೈಟರೂ ಇಲ್ಲದೆ, ಎಲ್ಲವೂ ಕೈಬರಹ. ಕಾವ್ಯಗಳಿಂದ ಪದ ಹೆಕ್ಕಿದರು, ಪಂಡಿತರನ್ನು ಕೇಳಿದರು, ಆಡುಮಾತನ್ನೂ ಗಾದೆಗಳನ್ನೂ ಬಿಡದೆ ಸೇರಿಸಿದರು. ಮರೆತೇಹೋಗಿದ್ದ ಱ, ೞ ಅಕ್ಷರಗಳಿಗೂ ಅವುಗಳ ಜಾಗ ಕೊಟ್ಟರು. 1892ರಲ್ಲಿ ಕೊನೆಯದಾಗಿ ಇಂಡಿಯಾ ಬಿಟ್ಟು ಹೊರಟಾಗಲೂ ಪುಸ್ತಕ ಕೈಗೆ ಬಂದಿರಲಿಲ್ಲ! ಅದು ಮಂಗಳೂರಿನಲ್ಲಿ ಪ್ರಕಟವಾದದ್ದು 1894ರಲ್ಲಿ. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು.

ಕಿಟ್ಟೆಲರ ಎಲ್ಲ ಬರಹಗಳನ್ನೂ ನಾವು ಒಪ್ಪಬೇಕೆಂದಿಲ್ಲ. ಲಿಂಗಪೂಜೆಯ ಮೂಲದ ಬಗ್ಗೆ ಅವರು 1876ರಲ್ಲಿ ಬರೆದದ್ದನ್ನು ಇಂದು ಓದಿದರೆ ಬೇಸರವಾಗುವವರಿದ್ದಾರೆ, ಅದು ಸಹಜವೇ. ಮತಪ್ರಚಾರಕರಾಗಿ ಅವರು ದೊಡ್ಡ ಹೆಸರು ಪಡೆಯಲಿಲ್ಲ. ಯಾವ ಕೆಲಸ ಪಕ್ಕದ್ದೆಂದು ಜೊತೆಯವರಿಗೆ ಕಂಡಿತೋ ಅದೇ ಅವರ ಬದುಕಿನ ಕೆಲಸವಾಯಿತು. ನಮಗೆ ಹೆಚ್ಚು ಹಿಡಿಸುವುದು ಇದೇ. ಪರೀಕ್ಷೆಯ ಫಲಿತಾಂಶ ನಮ್ಮ ಕೆಲಸವೆಂದು ಮೇಲಿನವರು ಹೇಳುತ್ತಾರೆ. ಆದರೆ ಮನೆಯಲ್ಲಿ ತುಳುವೋ ಮಲಯಾಳವೋ ಮರಾಠಿಯೋ ಆಡುವ ಮಗು 'ಳ'ವನ್ನೂ 'ಲ'ವನ್ನೂ ಬೇರೆಯಾಗಿ ಬರೆದ ದಿನವೇ ನಮಗೆ ಸಂಬಳ ಸಿಕ್ಕಿದಂತೆ.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟಕ್ಕೆ ಅವರು ಪೆನ್ನು ಕೆಳಗಿಡಲಿಲ್ಲ. ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು ಹೊರಬಂದದ್ದು 1903ರಲ್ಲಿ, ಅವರು ತೀರಿಕೊಂಡ ವರ್ಷವೇ.

ಮುಂದೆ ಮದರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಈ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ತಂದರು. ನಮ್ಮ ಶಾಲೆಯ ಕಪಾಟಿನಲ್ಲಿ ಇರುವುದು ಮೂರೇ. ಹಳೆಯ ವಿದ್ಯಾರ್ಥಿಗಳೇ, ಉಳಿದದ್ದು ನಿಮ್ಮ ಮನೆಯ ಅಟ್ಟದಲ್ಲಿದ್ದರೆ ದಯವಿಟ್ಟು ತಂದುಕೊಡಿ, ಯಾರನ್ನೂ ಏನೂ ಕೇಳುವುದಿಲ್ಲ.