ಥಾಮಸ್ ಸ್ಪ್ಲಿಂಟ್: ಮೂಳೆ ಕಟ್ಟುವವರ ಮನೆಯ ಕಬ್ಬಿಣ

ಜಿಲ್ಲಾ ಆಸ್ಪತ್ರೆಯ ಮೂಳೆ ವಾರ್ಡನ್ನು ನೋಡಿದವರು ಥಾಮಸ್ ಸ್ಪ್ಲಿಂಟನ್ನು ನೋಡಿಯೇ ಇರುತ್ತಾರೆ, ಹೆಸರು ಗೊತ್ತಿಲ್ಲದಿದ್ದರೂ. ತೊಡೆಸಂದಿಗೆ ಆತು ಕೂರುವ, ಚರ್ಮ ಹೊದಿಸಿದ ಒಂದು ಕಬ್ಬಿಣದ ಬಳೆ. ಅದರಿಂದ ಕಾಲಿನ ಎರಡೂ ಪಕ್ಕಕ್ಕೆ ಇಳಿದು ಪಾದದಿಂದಾಚೆ ಕೂಡಿಕೊಳ್ಳುವ ಎರಡು ಸರಳು. ಕಾಲಿಗೆ ಅಂಟಿಸಿದ ಪಟ್ಟಿಯನ್ನು ಆ ತುದಿಗೆ ಎಳೆದು ಬಿಗಿದರೆ ಬಳೆ ಮೇಲಕ್ಕೆ ಸೊಂಟದ ಮೂಳೆಯನ್ನು ಒತ್ತುತ್ತದೆ, ಕಾಲು ಕೆಳಕ್ಕೆ ಜಗ್ಗಿಕೊಂಡು ನೆಟ್ಟಗಾಗುತ್ತದೆ. ಬಿಗಿ ಸಾಲದಿದ್ದರೆ ಹಗ್ಗದ ನಡುವೆ ಒಂದು ಕಡ್ಡಿ ತೂರಿಸಿ ತಿರುಚಿದರಾಯಿತು. ಅಷ್ಟೇ ಯಂತ್ರ. ಮೊದಲ ಮಹಾಯುದ್ಧದಲ್ಲಿ ತೊಡೆ ಮುರಿದ ಸೈನಿಕರ ಜೀವ ಉಳಿಸಿದ್ದು ಇದೇ ಎಂದು ವೈದ್ಯಕೀಯ ಚರಿತ್ರೆ ಹೊಗಳುತ್ತದೆ. ಆದರೆ ಇದನ್ನು ರೂಪಿಸಿದ ವೈದ್ಯ ಹ್ಯೂ ಓವನ್ ಥಾಮಸ್ ಸೊಂಟ, ಮಂಡಿ, ಕಣಕಾಲಿನ ರೋಗಗಳ ಕುರಿತ ತನ್ನ ಪುಸ್ತಕವನ್ನು ಪ್ರಕಟಿಸಿದ್ದು 1875ರಲ್ಲಿ. ಯುದ್ಧ ಶುರುವಾಗುವ ಹೊತ್ತಿಗೆ ಆತ ತೀರಿಕೊಂಡೇ 23 ವರ್ಷವಾಗಿತ್ತು. ಅಷ್ಟು ಸರಳವಾದ ಸಾಧನ ಅಷ್ಟು ಕಾಲ ಮೂಲೆಯಲ್ಲಿ ಬಿದ್ದಿದ್ದೇಕೆ? ನನ್ನ ಮಟ್ಟಿಗೆ ಇದಕ್ಕೆ ಉತ್ತರ ಕಬ್ಬಿಣದಲ್ಲಿಲ್ಲ, ಅದು ಹುಟ್ಟಿದ ಮನೆಯಲ್ಲಿದೆ. ಅದನ್ನು ಸಾಧ್ಯವಾಗಿಸಿದ್ದೂ ಆ ಮನೆಯೇ, ತಡವಾಗಿಸಿದ್ದೂ ಆ ಮನೆಯೇ.

ಥಾಮಸರದು ವೇಲ್ಸ್‌ನ ಆಂಗ್ಲ್‌ಸೀ ದ್ವೀಪದ ಮೂಳೆ ಕಟ್ಟುವವರ ವಂಶ. ಹಡಗು ಒಡೆದು ದಡಕ್ಕೆ ಬಂದ ಅನಾಥ ಹುಡುಗನೊಬ್ಬನಿಂದ ಈ ವಿದ್ಯೆ ಶುರುವಾಯಿತೆಂದು ಕುಟುಂಬದ ಐತಿಹ್ಯ; ಪ್ರಾಣಿಗಳ ಮುರಿದ ಮೂಳೆ ಕೂಡಿಸುತ್ತಾ ಅವನ ಕೈ ಪಳಗಿತಂತೆ. ಹ್ಯೂನ ತಂದೆ ಇವಾನ್ ಲಿವರ್‌ಪೂಲಿಗೆ ಬಂದು ನೆಲೆಸಿ, ಬಂದರಿನ ಕೂಲಿಗಳ ನಡುವೆ ದೊಡ್ಡ ಹೆಸರು ಮಾಡಿದ. ಪದವಿಯಿಲ್ಲದವನೆಂದು ಕೋರ್ಟು ಕಚೇರಿಯನ್ನೂ ಹತ್ತಬೇಕಾಯಿತು. ಆ ಕಾಟ ಮಕ್ಕಳಿಗೆ ಬೇಡವೆಂದೋ ಏನೋ, ಐದೂ ಗಂಡುಮಕ್ಕಳನ್ನು ವೈದ್ಯಕೀಯ ಓದಿಸಿದ. ಹ್ಯೂ ಎಡಿನ್‌ಬರೊ, ಲಂಡನ್‌ಗಳಲ್ಲಿ ಕಲಿತು 1857ರಲ್ಲಿ ಅರ್ಹತೆ ಪಡೆದು ತಂದೆಯ ಜೊತೆ ಸ್ವಲ್ಪ ಕಾಲ ದುಡಿದ. ಇಬ್ಬರಿಗೂ ಹೊಂದಲಿಲ್ಲ, ಬೇರೆಯಾದರು. ಆದರೆ ಮನೆಯ ವಿದ್ಯೆ ಬೇರೆಯಾಗಲಿಲ್ಲ: ಕತ್ತಿಗೆ ಕೈ ಹಾಕುವ ಮೊದಲು ಕೀಲಿಗೆ ಪೂರ್ತಿ ವಿಶ್ರಾಂತಿ ಕೊಡು, ಅರೆಬರೆಯಲ್ಲ, ಮೂಳೆ ಸಾಕೆನ್ನುವವರೆಗೆ ಕೊಡು ಎಂಬ ಹಟ. ಕೀಲಿನ ಕ್ಷಯಕ್ಕೆ ಕಾಲನ್ನೇ ಕತ್ತರಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆತನ ಸ್ಪ್ಲಿಂಟ್ ಮೊದಲು ಹುಟ್ಟಿದ್ದು ಕ್ಷಯ ಹಿಡಿದ ಮಂಡಿಗಾಗಿ. ಮುರಿದ ತೊಡೆಗೆ ಒಗ್ಗಿದ್ದು ಆಮೇಲೆ.

ವಿಶ್ರಾಂತಿ ಕೊಡು ಎಂದು ಬೋಧಿಸುವುದು ಸುಲಭ. ನೋವಿನಲ್ಲಿ ಹೊರಳುವ ಕಾಲನ್ನು ತಿಂಗಳುಗಟ್ಟಲೆ ಹಿಡಿದಿಡುವುದು ಕಮ್ಮಾರನ ಕೆಲಸ. ನೆಲ್ಸನ್ ಬೀದಿಯ 11ನೇ ನಂಬರಿನ ತನ್ನ ಚಿಕಿತ್ಸಾಲಯಕ್ಕೆ ಸೇರಿದಂತೆ ಥಾಮಸ್ ಒಬ್ಬ ಕಮ್ಮಾರನನ್ನೂ ಒಬ್ಬ ಚರ್ಮದ ಕೆಲಸದವನನ್ನೂ ಇಟ್ಟುಕೊಂಡಿದ್ದ. ಸಾಧನದ ನಿಜವಾದ ಆವಿಷ್ಕಾರ ಈ ಏರ್ಪಾಡಿನಲ್ಲೇ ಇದೆಯೆಂದು ನಾನು ತಿಳಿಯುತ್ತೇನೆ. ಬಳೆಯನ್ನು ಗಮನಿಸಿ: ಅದು ಸರಳುಗಳಿಗೆ ಲಂಬವಾಗಿ ಕೂರುವುದಿಲ್ಲ, ಓರೆಯಾಗಿದೆ, ಹೊರಬದಿಯ ಸರಳು ಒಳಬದಿಯದಕ್ಕಿಂತ ಉದ್ದ. ಭಾರವೆಲ್ಲ ತೊಡೆಸಂದಿನ ಮೆತ್ತನೆಯ ಚರ್ಮದ ಮೇಲೆ ಬೀಳದೆ ನಾವು ಕುಳಿತುಕೊಳ್ಳುವ ಮೂಳೆಗೆ ಆನಬೇಕಾದರೆ ಆ ಓರೆ ಬೇಕೇ ಬೇಕು. ಇಂಥ ಕೋನ ಕಾಗದದ ಮೇಲಿನ ಲೆಕ್ಕದಿಂದ ಬರುವಂಥದ್ದಲ್ಲ. ಒಂದು ಮೈಗೆ ಹಾಕಿ, ಉಜ್ಜಿದ ಕಡೆ ನೋಡಿ, ಮತ್ತೆ ಬಗ್ಗಿಸಿ, ಮತ್ತೆ ಹಾಕಿ ಬರುವಂಥದ್ದು. ವೈದ್ಯನಿಗೂ ಕುಲುಮೆಗೂ ನಡುವೆ ಅಂಗಡಿಯವನು, ಗುಮಾಸ್ತ, ಟೆಂಡರು ಇದ್ದಿದ್ದರೆ ಅದು ಬರುತ್ತಿರಲಿಲ್ಲ.

ಅದೇ ಬೀದಿ ಅದಕ್ಕೆ ಅಡ್ಡಿಯೂ ಆಯಿತು. ಥಾಮಸನಿಗೆ ಕೊನೆಯವರೆಗೂ ಯಾವ ದೊಡ್ಡ ಆಸ್ಪತ್ರೆಯ ಹುದ್ದೆಯೂ ಸಿಗಲಿಲ್ಲ, ಪಾಠ ಹೇಳಲು ಶಿಷ್ಯವೃಂದವಿರಲಿಲ್ಲ. ಕಣ್ಣಿನ ಗಾಯ ಮರೆಸಲು ಟೋಪಿಯನ್ನು ಒಂದು ಕಣ್ಣಿನ ಮೇಲೆ ಎಳೆದುಕೊಂಡು, ಸದಾ ಸಿಗರೇಟು ಸೇದುತ್ತಾ, ಭಾನುವಾರ ಬಡವರನ್ನು ಪುಕ್ಕಟೆ ನೋಡುತ್ತಿದ್ದ ಈ ಮನುಷ್ಯ ಜಗಳಗಂಟನೂ ಹೌದು. ಬರೆದದ್ದರಲ್ಲಿ ಓದಿಸಿಕೊಳ್ಳುವ ಗುಣ ಕಡಿಮೆ. ತಪ್ಪು ಅವನದೂ ಇತ್ತೆನ್ನಿ. ಅವನ ಹೆಂಡತಿಯ ಕಡೆಯ ಸೋದರಳಿಯ ರಾಬರ್ಟ್ ಜೋನ್ಸ್ ಆ ಮನೆಯಲ್ಲೇ ಕೆಲಸ ಕಲಿತವನು. 1888ರಲ್ಲಿ ಮ್ಯಾಂಚೆಸ್ಟರ್ ಹಡಗು ಕಾಲುವೆ ಅಗೆಯುವ ಸಾವಿರಾರು ಕೂಲಿಗಳ ವೈದ್ಯಾಧಿಕಾರಿಯಾಗಿ, ಅಪಘಾತವಾದ ಜಾಗದಿಂದ ಆಸ್ಪತ್ರೆಯವರೆಗೆ ಚಿಕಿತ್ಸೆಯನ್ನು ಒಂದು ಸರಪಳಿಯಾಗಿ ಜೋಡಿಸುವುದನ್ನು ಕಲಿತ. ಯುದ್ಧ ಬಂದಾಗ ಸೈನ್ಯಕ್ಕೆ ಆತ ಕೊಟ್ಟದ್ದು ಸ್ಪ್ಲಿಂಟ್ ಒಂದನ್ನೇ ಅಲ್ಲ, ಈ ಸರಪಳಿಯನ್ನೂ.

ತೊಡೆಮೂಳೆ ಮುರಿದರೆ ಬಲವಾದ ಸ್ನಾಯುಗಳು ತುಂಡುಗಳನ್ನು ಒಂದರ ಮೇಲೊಂದು ಎಳೆಯುತ್ತವೆ; ಸ್ಟ್ರೆಚರ್ ಕುಲುಕಿದಂತೆಲ್ಲ ಚೂಪು ತುದಿಗಳು ಮಾಂಸವನ್ನೂ ರಕ್ತನಾಳವನ್ನೂ ಸೀಳುತ್ತವೆ. ತೊಡೆಯೊಳಗೆ ಒಂದು ಲೀಟರಿಗೂ ಮಿಕ್ಕಿ ರಕ್ತ ಹೊರಗೆ ಕಾಣದಂತೆ ಸೋರಿಹೋಗಬಹುದು. ಬಂದೂಕನ್ನೋ ಉದ್ದದ ಹಲಗೆಯನ್ನೋ ಕಾಲಿಗೆ ಕಟ್ಟಿ ಕಳಿಸುತ್ತಿದ್ದ ಯುದ್ಧದ ಆರಂಭದಲ್ಲಿ ಇಂಥ ಗಾಯಾಳುಗಳಲ್ಲಿ ಶೇ. 80ರಷ್ಟು ಮಂದಿ ಸಾಯುತ್ತಿದ್ದರೆಂದೂ, 1917ರ ಅರಾಸ್ ಕದನದಲ್ಲಿ ಶಸ್ತ್ರವೈದ್ಯ ಹೆನ್ರಿ ಗ್ರೇ ಲೆಕ್ಕವಿಟ್ಟ 1,009 ಗಾಯಾಳುಗಳಲ್ಲಿ ಸತ್ತವರು ಶೇ. 15.6 ಎಂದೂ ಹೇಳಲಾಗುತ್ತದೆ. ಇಲ್ಲಿ ಆಕ್ಷೇಪ ಏಳುವುದು ನ್ಯಾಯವೇ. ಆ 80ರ ಹಿಂದೆ ಗಟ್ಟಿ ಲೆಕ್ಕವಿಲ್ಲ. ಎರಡನೆಯದು ಮುಂಚೂಣಿಯ ಸಮೀಪದ ಶಸ್ತ್ರಚಿಕಿತ್ಸಾ ಕೇಂದ್ರಗಳ ಸಾವು ಮಾತ್ರ, ಮುಂದೆ ನಂಜೇರಿ ಸತ್ತವರು ಅದರಲ್ಲಿಲ್ಲ. ಸತ್ತ ಮಾಂಸವನ್ನು ಬೇಗ ಕತ್ತರಿಸಿ ತೆಗೆಯುವುದು, ಗಾಯ ತೊಳೆಯುವ ಹೊಸ ದ್ರಾವಣಗಳು ಕೂಡ ಅದೇ ವರ್ಷಗಳಲ್ಲಿ ಬಂದವು. ಒಪ್ಪೋಣ, ಕಬ್ಬಿಣದ ಬಳೆಯೊಂದಕ್ಕೇ ಎಲ್ಲ ಕೀರ್ತಿ ಕಟ್ಟುವುದು ಅತಿಯಾಯಿತು. ಆದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಗಾಯಾಳು ಮೊದಲು ಜೀವಂತ ತಲುಪಬೇಕಷ್ಟೆ. ಸ್ಟ್ರೆಚರ್ ಹೊರುವವರಿಗೆ ಬೂಟು, ಷರಾಯಿ ಬಿಚ್ಚದೆ, ಕತ್ತಲಲ್ಲೂ ಸ್ಪ್ಲಿಂಟ್ ಹಾಕುವ ಕವಾಯತು ಮಾಡಿಸಿದ್ದು ಅದಕ್ಕೇ. 40 ವರ್ಷ ಕಾದಿದ್ದ ಕಬ್ಬಿಣಕ್ಕೆ ಬೇಕಾಗಿದ್ದದ್ದು ಈ ಕವಾಯತು.

ಇದನ್ನು ಓದಿ ಯಾರಾದರೂ ನಮ್ಮ ನಾಟಿ ಮೂಳೆ ವೈದ್ಯರಿಗೆ ಜಯಕಾರ ಹಾಕಿದರೆ ಅದಕ್ಕೂ ಉತ್ತರ ಕೊಡಬೇಕು. ಆಂಧ್ರದ ಪುತ್ತೂರಿನ ಕಟ್ಟಿಗೆ (ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ) ಕರ್ನಾಟಕದಿಂದಲೂ ಜನ ಹೋಗುತ್ತಾರೆ. ಬಿದಿರಿನ ದಬ್ಬೆ, ಮೊಟ್ಟೆಯ ಬಿಳಿಲೋಳೆ, ಬಟ್ಟೆ. ಸಾದಾ ಮುರಿತಕ್ಕೆ ಅದರಿಂದ ಗುಣ ಕಂಡವರು ಇದ್ದಾರೆ. ಬಿಗಿ ಕಟ್ಟಿನಿಂದ ರಕ್ತ ನಿಂತು, ಬೆರಳು ಕಪ್ಪಾಗಿ, ಕೊನೆಗೆ ಕೈಯನ್ನೇ ಕತ್ತರಿಸಬೇಕಾದ ಮಕ್ಕಳನ್ನು ನಮ್ಮ ಮೂಳೆ ತಜ್ಞರು ಕಂಡಿರುವುದೂ ಅಷ್ಟೇ ನಿಜ. ಥಾಮಸರ ಮನೆತನದ ಕತೆ ಈ ಅಪಾಯವನ್ನು ಅಲ್ಲಗಳೆಯುವುದಿಲ್ಲ. ಇವಾನ್‌ನ ಮಗ ಅಂಗರಚನೆ ಓದಿಬಂದದ್ದರಿಂದಲೇ ಆ ವಿದ್ಯೆ ಗುರುತು ಸಿಗುವ ಸಾಧನವಾಯಿತು. ಹಾಗಾಗಿ ನಮ್ಮ ವೈದ್ಯಕೀಯ ಕಾಲೇಜುಗಳು ದಬ್ಬೆ ಕಟ್ಟುವವರನ್ನು ಬೈದು ಸುಮ್ಮನಾಗುವುದಕ್ಕಿಂತ, ಕರೆದು ಕೂರಿಸಿ ಎರಡು ಪಾಠ ಹೇಳಲಿ: ಕಟ್ಟಿದ ಮೇಲೆ ಬೆರಳ ತುದಿಯ ಬಣ್ಣ ನೋಡುವುದು, ಗಾಯ ತೆರೆದಿದ್ದರೆ ಮುಟ್ಟದೆ ಆಸ್ಪತ್ರೆಗೆ ಕಳಿಸುವುದು.